ನಗಿಸಿ ಹೇಳಿದ ಸಾವು

ನಾನು ನಿಂತಿದ್ದದ್ದು ಹಳ್ಳದ ಆಚೆ ದಡದಲ್ಲಿ, ಕಾಲುವೆಯ ನೀರು ನೆಲದೊಳಗಿಂದ ಮತ್ತೆ ಮೇಲೇಳುವ ಬಾಯಿಯ ಬಲಗಡೆಯ ಇಳಿಜಾರು ಗೋಡೆಯ ಮೇಲೆ. ನಾಗರ ಪಂಚಮಿ ಮುಗಿದ ಮೊದಲ ರವಿವಾರ. ಹೊತ್ತು ಬೆಳಗಿನ ಹತ್ತೂ ಕಾಲು. ಪಕ್ಕದ ಊರಿನ ಕಟಿಂಗ್ ಅಂಗಡಿಯಿಂದ ಎದ್ದಾಗ ಅಲ್ಲಿನ ಗೋಡೆ ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷವಿತ್ತು, ಅಲ್ಲಿಂದ ಹಳ್ಳಕ್ಕೆ ನನ್ನ ನಡಿಗೆಯಲ್ಲಿ ಇಪ್ಪತ್ತು ನಿಮಿಷ. ಕುತ್ತಿಗೆಯಲ್ಲಿ ಇನ್ನೂ ಕೂದಲು ಚುಚ್ಚುತ್ತಿದ್ದವು.

ಊರು ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಅಕ್ಕನನ್ನು ಅಲ್ಲಿಗೆ ಕೊಟ್ಟಿದ್ದರು. ನನಗೆ ಶಹಾಪುರದಲ್ಲಿ ಕಾಲುವೆಯ ನಕಾಶೆಗಳ ಮೇಲೆ ತೆಳು ಹಾಳೆ ಇಟ್ಟು ಗೆರೆ ಎಳೆದು ನಕಲು ತೆಗೆಯುವ ಕೆಲಸ. ಅಕ್ಕನ ಮನೆಯಲ್ಲೇ ಉಳಿದು ಸೈಕಲ್ ಮೇಲೆ ಹೋಗಿ ಬರುತ್ತಿದ್ದೆ. ಅಕ್ಕನಿಗೆ ಒಬ್ಬಳೇ ಮಗಳು. ಆಗ ಅವಳಿಗೆ ಎಂಟು ತುಂಬಿತ್ತು.

ಊರಿನ ಮೂಡಣಕ್ಕೆ ಕಾಲುವೆ ಒಂದು ಹಳ್ಳವನ್ನು ದಾಟಬೇಕು. ಹಳ್ಳ ತಗ್ಗಿನಲ್ಲಿದೆ. ಹಾಗಾಗಿ ಊರ ಕಡೆಯ ದಡದಲ್ಲಿ ನೀರನ್ನು ಸಿಮೆಂಟಿನ ಬಾಯಿಯೊಳಕ್ಕೆ ಇಳಿಸಿ, ಹಳ್ಳದ ತಳದ ಕೆಳಗೆ ಎರಡು ಕೊಳವೆಗಳಲ್ಲಿ ಹಾಯಿಸಿ, ಆಚೆ ದಡದಲ್ಲಿ ಎಬ್ಬಿಸಿದ್ದಾರೆ. ಅದಕ್ಕೆ ಸೈಫನ್ ಎನ್ನುತ್ತಾರೆ. ಒಳಹೋಗುವ ಬಾಯಲ್ಲಿ ನೀರು ಸದ್ದು ಮಾಡುವುದಿಲ್ಲ, ನಿಧಾನವಾಗಿ ಸುತ್ತುತ್ತಾ ಕೆಳಗಿಳಿಯುತ್ತದೆ. ಹೊರಬರುವ ಬಾಯಲ್ಲಿ ಮಾತ್ರ ಅನ್ನದ ಎಸರಿನ ಹಾಗೆ ಕುದಿಯುತ್ತದೆ. ಈ ಬಾಯಿಂದ ಆ ಬಾಯಿಗೆ ನಲವತ್ತೊಂದು ಹೆಜ್ಜೆ. ಮುಂದಿನ ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ನಡೆದು ಎಣಿಸಿದ್ದೇನೆ.

ಒಳಬಾಯಿಗೆ ಕಬ್ಬಿಣದ ಸರಳುಗಳ ಜಾಳಿಗೆ ಇತ್ತು. ಕಸ, ಜೇಕು ಹುಲ್ಲು ತೇಲಿಬಂದು ಅದಕ್ಕೆ ಕಟ್ಟಿಕೊಂಡರೆ ಮುಂದಿನ ಹೊಲಗಳಿಗೆ ನೀರು ಏರುವುದಿಲ್ಲ. ಅದಕ್ಕೇ ಪ್ರತಿ ವರ್ಷ ನೀರು ಬಿಟ್ಟ ವಾರ ರೈತರೇ ನಾಲ್ಕು ಜನ ಸೇರಿ ಜಾಳಿಗೆ ಎತ್ತಿ ದಂಡೆಯ ಮೇಲಿಟ್ಟುಬಿಡುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ಸಂಗತಿ. ನನಗೂ ಗೊತ್ತಿತ್ತು. ನಾನು ಯಾರಿಗೂ ಏನೂ ಹೇಳಿರಲಿಲ್ಲ.

ಮೇಲೆ ಮಳೆಯಾಗಿ ಹಳ್ಳಕ್ಕೆ ರಾಡಿ ನೀರು ಬಂದಿತ್ತು. ದಾಟುಗಲ್ಲುಗಳು ಕಾಣುತ್ತಿರಲಿಲ್ಲ. ನನಗೆ ಈಸಲು ಬರುವುದಿಲ್ಲ. ರಸ್ತೆಯ ಸೇತುವೆಗೆ ಸುತ್ತಿ ಹೋಗುವುದೇ ಸರಿ ಎಂದುಕೊಳ್ಳುತ್ತಿದ್ದಾಗ ನನ್ನ ಕಾಲ ಕೆಳಗೆ ಕುದಿಯುವ ನೀರಿನಲ್ಲಿ ಒಂದು ಕೆಂಪು ಚಪ್ಪಲಿ ಮೇಲೆದ್ದಿತು. ಒಂದು ಸುತ್ತು ತಿರುಗಿ ಮಗುಚಿಕೊಂಡಿತು. ಅದರ ಪಟ್ಟಿಯ ಮೇಲೆ ಬಿಳಿ ಪ್ಲಾಸ್ಟಿಕ್ ಹೂವಿತ್ತು. ಆ ಚಪ್ಪಲಿ ಶಹಾಪುರದ ಬಜಾರಿನಿಂದ ನಾನೇ ತಂದದ್ದು.

ಮೊದಲು ನಾನು ಎದುರು ದಡ ನೋಡಲಿಲ್ಲ. ನೀರನ್ನೇ ನೋಡಿದೆ. ಚಪ್ಪಲಿಯ ಹಿಂದೆ ಇನ್ನೇನು ಮೇಲೇಳುತ್ತದೆ ಎಂದು ನೋಡಿದೆ. ಎಷ್ಟು ಹೊತ್ತು ಎಂದು ಹೇಳಲಾರೆ. ಈ ಬರಹದಲ್ಲಿ ನನಗೆ ಅಳತೆ ಗೊತ್ತಿಲ್ಲದ ಹೊತ್ತು ಅದೊಂದೇ. ಆಮೇಲೆ ನಗು ಕೇಳಿ ತಲೆ ಎತ್ತಿದೆ. ಎದುರು ದಡದ ಒಳಬಾಯಿಯ ಗೋಡೆಯ ಮೇಲೆ ಮೂರು ಮಕ್ಕಳಿದ್ದರು. ಅಕ್ಕನ ಮಗಳು, ಅವಳ ಗೆಳತಿಯಾದ ಪಕ್ಕದ ಮನೆಯ ಹುಡುಗಿ, ಆ ಗೆಳತಿಯ ಐದು ವರ್ಷದ ತಮ್ಮ. ಚಪ್ಪಲಿ ಹೊರಬಂದದ್ದು ಕಂಡು ಮೂವರೂ ಕುಣಿಯುತ್ತಿದ್ದರು. ಅಕ್ಕನ ಮಗಳ ಒಂದು ಕಾಲು ಬರಿಗಾಲು. ಅವಳ ಸೊಂಟಕ್ಕೆ ಎಣ್ಣೆಯ ಖಾಲಿ ಪ್ಲಾಸ್ಟಿಕ್ ಡಬ್ಬಿ ಕಟ್ಟಿತ್ತು. ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಯುವ ಮಕ್ಕಳಿಗೆ ಕಟ್ಟುವ ಡಬ್ಬಿ.

ಅವಳು ಏನು ಮಾಡಲು ಬಂದಿದ್ದಾಳೆಂದು ನನಗೆ ಆ ಕ್ಷಣವೇ ತಿಳಿಯಿತು. ಊರಿನ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಅವಳ ತಲೆಗೆ ಹಾಕಿದವನು ನಾನು.

ಅಕ್ಕನ ಮನೆಗೆ ಬಣ್ಣದ ಟಿವಿ ಬಂದು ಎರಡು ವರ್ಷವಾಗಿತ್ತು. ಸಂಜೆ ಐದೂವರೆಗೆ ಜಪಾನಿನ ಒಂದು ಕಾರ್ಟೂನ್ ಧಾರಾವಾಹಿ ಬರುತ್ತಿತ್ತು. ಎಷ್ಟೋ ವರ್ಷಗಳಿಂದ ನಡೆದು ಬಂದದ್ದು, ಮುಗಿಯುವ ಲಕ್ಷಣವಿಲ್ಲದ್ದು. ನಕಾಶೆಯಲ್ಲಿ ಇಲ್ಲದ ತನ್ನ ಊರನ್ನು ಹುಡುಕಿಕೊಂಡು ಹೊರಟ ಒಬ್ಬ ಹುಡುಗಿ, ಅವಳ ಜೊತೆಗೆ ಕೊಡೆ ರಿಪೇರಿ ಮಾಡುವ ಒಬ್ಬ ಹುಡುಗ, ಸದಾ ಹಸಿದಿರುವ ಒಂದು ದಪ್ಪ ಪ್ರಾಣಿ. ಮಾತು ಹಿಂದಿಯಲ್ಲಿ. ಪಡಸಾಲೆಯಲ್ಲಿ ಸೇರುತ್ತಿದ್ದ ಹತ್ತು ಹನ್ನೆರಡು ಮಕ್ಕಳಿಗೆ ಅಷ್ಟು ಹಿಂದಿ ಬಾರದು. ಬೇಗ ಮನೆಗೆ ಬಂದ ದಿನ ನಾನು ಟಿವಿಯ ಪಕ್ಕ ಕುಳಿತು ಕನ್ನಡದಲ್ಲಿ ಹೇಳುತ್ತಿದ್ದೆ. ಬೇಗ ಬಾರದ ದಿನ ಕಡಿಮೆ. ಮಕ್ಕಳಿಗಿಂತ ನನಗೇ ಅದರ ಹುಚ್ಚು ಹೆಚ್ಚಿತ್ತು.

ನಮ್ಮಲ್ಲಿ ಕಥೆ ಹೇಳುವುದಕ್ಕೆ ಒಂದು ರೂಢಿಯಿದೆ. ಹೇಳುವವನು ಒಂದು ಮಾತು ಮುಗಿಸಿದರೆ ಕೇಳುವವರಲ್ಲಿ ಒಬ್ಬರು "ಹ್ಞೂಂ" ಅನ್ನಬೇಕು. ಹ್ಞೂಂ ಬರದಿದ್ದರೆ ಹೇಳುವವನು ಮುಂದುವರಿಯುವಂತಿಲ್ಲ. ಅಜ್ಜಿಯರ ಕಾಲದ ಈ ರೂಢಿಯನ್ನು ಮಕ್ಕಳು ಟಿವಿಗೂ ತಂದಿದ್ದರು. ಹ್ಞೂಂ ಅನ್ನುವ ಕೆಲಸ ಐದು ವರ್ಷದ ಆ ಹುಡುಗನದು. ಅರ್ಥವಾದರೂ ಆಗದಿದ್ದರೂ ಗಂಭೀರವಾಗಿ ಹ್ಞೂಂ ಅನ್ನುತ್ತಿದ್ದ.

ಆ ಧಾರಾವಾಹಿ ಮಾಡಿದವರು ಜಾಣರು. ನಗೆಯ ದಿನ ಚಿತ್ರವೇ ಬೇರೆಯಾಗುತ್ತಿತ್ತು. ಕಣ್ಣುಗಳು ಎರಡು ಚುಕ್ಕೆ, ಬಾಯಿ ಮುಖಕ್ಕಿಂತ ಅಗಲ, ಬಣ್ಣಗಳು ಪಂಚಮಿಯ ಉಂಡಿಯ ಅಂಗಡಿಯಂತೆ. ಕತ್ತಲೆಯ ದಿನ ಕೂದಲ ನೆರಳು ಕಣ್ಣಿನ ಮೇಲೆ ಬೀಳುತ್ತಿತ್ತು. ವಾದ್ಯ ನಿಲ್ಲುತ್ತಿತ್ತು. ಹಿಂದೆ ಕೂಗುತ್ತಿದ್ದ ಕಪ್ಪೆಗಳು ಕೂಡ ಸುಮ್ಮನಾಗುತ್ತಿದ್ದವು. ಕಪ್ಪೆ ನಿಂತ ಕೂಡಲೇ ಏನೋ ಆಗಲಿದೆ ಎಂದು ತಿಳಿಯಬೇಕು. ತಿಂಗಳುಗಟ್ಟಲೆ ನಗಿಸಿ ಒಂದು ವಾರ ಎದೆ ಹಿಂಡುತ್ತಿದ್ದರು. ಆ ನಗೆ ಇದ್ದುದರಿಂದಲೇ ಆ ವಾರ ಅಷ್ಟು ತಾಗುತ್ತಿತ್ತು. ನಾನು ಅದನ್ನೆಲ್ಲ ಗಮನಿಸಿ ನನ್ನ ದನಿಯನ್ನೂ ಹಾಗೆಯೇ ಬದಲಿಸಲು ಕಲಿತೆ. ನಗೆಗೆ ಮೂಗಿನ ದನಿ. ಭಯಕ್ಕೆ ಹೊಟ್ಟೆಯಿಂದ ಎಳೆದು, ಕೊನೆಯಲ್ಲಿ ಒಡೆಯುವ ಕೂಗು. ಆ ಕೂಗಿಗೆ ಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು.

ಆಷಾಢದಲ್ಲಿ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ನೆರೆಮನೆಯವಳು ಬಂದು ದೂರು ಹೇಳಿ ಹೋಗಿದ್ದಳು.

"ತಮ್ಮಾ, ನಿನ್ನ ಕತಿ ಕೇಳಿ ಹುಡುಗ್ರು ನಿದ್ದ್ಯಾಗ ಬೆಚ್ಚಿ ಬೀಳಾಕತ್ತಾವ. ಹಾಸಿಗಿ ತೊಯ್ಯಾಕತ್ತಾವ. ತೊಳಿಯಾಕ ನೀ ಬರ್ತೀಯೇನು? ನಗಿಸಿ ಹೇಳೂದಾದ್ರ ಹೇಳು, ಇಲ್ಲಾಂದ್ರ ಟಿವಿ ಬಂದ್."

ಟಿವಿ ಬಂದ್ ಆದರೆ ನನಗೂ ಬಂದ್. ಅಂದಿನಿಂದ ಕತ್ತಲೆಯ ದಿನಗಳನ್ನೂ ನಗಿಸಿಯೇ ಹೇಳತೊಡಗಿದೆ. ಅದು ಕಷ್ಟವಾಗಲಿಲ್ಲ. ಚಿತ್ರ ಅವರದು, ಮಾತು ನನ್ನದು.

ಪಂಚಮಿಯ ಮರುದಿನ, ಶುಕ್ರವಾರ, ಕೊಡೆಯ ಹುಡುಗ ಸತ್ತ. ಕಣಿವೆಯ ಊರೊಂದು ಮುಳುಗುತ್ತಿರುತ್ತದೆ. ಗುಡ್ಡದೊಳಗಿನ ಸುರಂಗಕ್ಕೆ ಅಡ್ಡವಾಗಿ ಹಲಗೆಯೊಂದು ಸಿಕ್ಕಿಕೊಂಡಿರುತ್ತದೆ. ಅವನು ಒಳಗಿಳಿದು ಹಲಗೆ ಕೀಳುತ್ತಾನೆ. ನೀರು ಹರಿಯುತ್ತದೆ, ಊರು ಉಳಿಯುತ್ತದೆ. ಸುರಂಗದ ಆಚೆ ಬಾಯಲ್ಲಿ ಹುಡುಗಿ ಕಾಯುತ್ತಾಳೆ. ಅವನ ಕೊಡೆ ಮಾತ್ರ ತೇಲಿಬರುತ್ತದೆ. ಅವಳನ್ನು ಬೆನ್ನ ಕಡೆಯಿಂದ ತೋರಿಸಿದರು. ವಾದ್ಯವಿಲ್ಲ, ಕಪ್ಪೆಯಿಲ್ಲ. ಅವಳ ಹೆಗಲು ಅದುರುತ್ತಿತ್ತು. ಅಲ್ಲಿಗೆ ಮುಗಿಸಿದರು.

ನಾನು ಮಕ್ಕಳಿಗೆ ಹೇಳಿದ್ದು ಹೀಗೆ. ಮೊದಲು ಕೊಡೆ ಬಂತು, ಕೊಡೆಯ ಹಿಡಿಕೆ ಹಿಡಿದುಕೊಂಡು ಹಿಂದೆ ಅವನೂ ಬರುತ್ತಾನೆ, ಮೂಗಿನೊಳಗೆ ನೀರು ಹೋಗಿ ಹನ್ನೆರಡು ಸಲ ಸೀನುತ್ತಾನೆ, ಅದಕ್ಕೇ ಹುಡುಗಿಗೆ ನಗು ತಡೆಯಲಾಗುತ್ತಿಲ್ಲ, ನೋಡಿ, ನಕ್ಕೂ ನಕ್ಕೂ ಅವಳ ಹೆಗಲು ಹೇಗೆ ಕುಣಿಯುತ್ತಿದೆ. ಮೂಗಿನ ದನಿಯಲ್ಲಿ ಹನ್ನೆರಡೂ ಸಲ ಸೀನಿ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮರುದಿನದ ಕಂತಿನಲ್ಲಿ ಅವನಿರಲಿಲ್ಲ. ಅತ್ತೆಯ ಊರಿಗೆ ಹೋಗಿದ್ದಾನೆ ಎಂದೆ.

ಈಗ ರವಿವಾರ ಹತ್ತೂ ಕಾಲಿಗೆ ಅವರು ನಾನು ಹೇಳಿದ್ದನ್ನೇ ಆಡುತ್ತಿದ್ದರು. ಒಂದು ಬಾಯಿ, ಇನ್ನೊಂದು ಬಾಯಿ, ನಡುವೆ ನೆಲದೊಳಗಿನ ನೀರು. ಕೊಡೆಯ ಬದಲು ಚಪ್ಪಲಿ ಕಳಿಸಿ ನೋಡಿದ್ದರು. ಚಪ್ಪಲಿ ಬಂದಿತ್ತು. ಆಚೆ ಬಾಯಲ್ಲಿ ಹುಡುಗಿ ಕಾಯುವ ಜಾಗ ಒಂದು ಖಾಲಿಯಿತ್ತು. ಅಲ್ಲಿ ಸರಿಯಾಗಿ ನಾನು ಬಂದು ನಿಂತಿದ್ದೆ.

ಅಕ್ಕನ ಮಗಳು ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು. "ಮಾಮಾ, ನೀ ಅಲ್ಲೇ ನಿಂದ್ರು. ನಾ ಬರಾಕತ್ತೀನಿ."

ಬೇಡ ಎಂದು ನಾನು ಕಿರುಚಿದೆ. ನಿಜವಾದ ಭಯದಿಂದ ಕಿರುಚಿದೆ. ಆದರೆ ನನ್ನ ಗಂಟಲಿನಿಂದ ಹೊರಟದ್ದು ಹೊಟ್ಟೆಯಿಂದ ಎಳೆದು ಕೊನೆಗೆ ಒಡೆಯುವ ಅದೇ ಕೂಗು. ನನ್ನ ಹತ್ತಿರ ಇದ್ದದ್ದು ಅದೊಂದೇ. ಎರಡು ವರ್ಷ ಅದನ್ನೇ ತಿದ್ದಿ ತಿದ್ದಿ ಇಟ್ಟಿದ್ದೆ. ಮಕ್ಕಳು ಪಡಸಾಲೆಯಲ್ಲಿ ಮಾಡುತ್ತಿದ್ದಂತೆ ಒಬ್ಬರನ್ನೊಬ್ಬರು ತಬ್ಬಿಕೊಂಡು ನಕ್ಕರು. ಇನ್ನೊಮ್ಮೆ ಕಿರುಚಿದೆ. ಇನ್ನೂ ಜೋರಾಗಿ ನಕ್ಕರು. ಮಾಮ ಆಟಕ್ಕೆ ಸೇರಿದ್ದಾನೆ. ಅಕ್ಕನ ಮಗಳು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಗೋಡೆಯ ತುದಿಗೆ ಬಂದಳು. ಒಳಬಾಯಿಯ ನೀರು ಅವಳಿಂದ ಒಂದು ಮೊಳ ಕೆಳಗಿತ್ತು.

ಓಡಿ ಸೇತುವೆ ಸುತ್ತಿ ಬರೋಣವೆಂದರೆ ಹತ್ತು ಹನ್ನೆರಡು ನಿಮಿಷ. ಅಷ್ಟರಲ್ಲಿ ಅವಳು ಇಳಿದಿರುತ್ತಾಳೆ. ಇಲ್ಲೇ ನಿಂತರೆ ಕಾಯುವ ಹುಡುಗಿ ನಾನೇ, ಬಾ ಎಂದು ಕರೆದಂತೆ. ಅವರ ಹಿಂದೆ ಮೇಲಿನ ಹೊಲದ ಬದುವಿನಲ್ಲಿ ಕೊಡೇಕಲ್ ಕಡೆಯ ಒಬ್ಬ ಮುದುಕಿ ಎಮ್ಮೆ ಮೇಯಿಸುತ್ತಿದ್ದಳು. ಅವಳಿಗೆ ಕೈ ಬೀಸಿದೆ. ಕಿವಿ ಮಂದ ಅವಳಿಗೆ. ನಾನು ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದು ತಿರುಗಿ ಕೈ ಮುಗಿದಳು.

ಆಗ ನನ್ನ ಕಡೆಯ ದಂಡೆಯ ಮೇಲೆ ಸೈಕಲ್ ಬಂದಿತು. ಕಾಲುವೆಯ ಗೇಟು ನೋಡಿಕೊಳ್ಳುವವನು, ನಡುವಯಸ್ಸಿನವನು, ಕಚೇರಿಯಿಂದ ನನಗೆ ಪರಿಚಯ. ಎದುರು ದಡ ನೋಡಿ ಸೈಕಲ್ ಕೆಳಗೆ ಬಿಟ್ಟ. "ಇಳೀತೀರೊ, ಬಂದು ಕಾಲ ಮುರೀಲೊ" ಎಂದು ಕೂಗಿದ. ಬೆದರಿ ಮೂವರೂ ಹಿಂದೆ ಸರಿಯುವ ಬದಲು ಒತ್ತೊತ್ತಿ ನಿಂತರು. ಚಿಕ್ಕ ಹುಡುಗನ ಅರ್ಧ ಪಾದ ತುದಿಯಿಂದ ಹೊರಗಿತ್ತು. ನಾನು ಗೇಟಿನವನ ಬಾಯಿಗೆ ಕೈ ಹಿಡಿದೆ. ಗೇಟು ಇಳಿಸಲಾಗುತ್ತದೆಯೇ ಎಂದು ಕೇಳಿದೆ.

"ಗೇಟ್ ಎರಡ ಮೈಲಿ ಮ್ಯಾಲದ್ರಿ. ಈಗ ಇಳಿಸಿದ್ರ ಇಲ್ಲಿ ನೀರ ಇಳಿಯಾಕ ಮಧ್ಯಾನ ಆಗ್ತದ." ಆಮೇಲೆ ದನಿ ತಗ್ಗಿಸಿದ. "ಹ್ವಾದ ವರ್ಷ ಎಮ್ಮಿ ಕರ ಬಿದ್ದಿತ್ರಿ ಇದ್ರಾಗ. ನೀರ ಬಂದ್ ಆದಮ್ಯಾಲ ತಗದೀವಿ. ಕೊಳಿವ್ಯಾಗ ಒಂದ ಕಡಿ ಹೂಳ ತುಂಬ್ಯಾದ. ಚಪ್ಪಲ ಹೊಕ್ಕೈತಿ, ಕೂಸ ಹೋಗಂಗಿಲ್ರಿ."

ಸೇತುವೆ ಸುತ್ತಿ ಆಚೆ ಹೋಗು, ಅವರ ಹಿಂದಿನಿಂದ ಬಾ, ಕೂಗಬೇಡ ಎಂದೆ. ಅವನು ಸೈಕಲ್ ಹತ್ತಿದ.

ನಾನು ಗೋಡೆಯ ಮೇಲೆ ಕುಳಿತುಬಿಟ್ಟೆ. ಯೋಚಿಸಿ ಕುಳಿತದ್ದೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಕಾಯುವ ಹುಡುಗಿ ಕಥೆಯಲ್ಲಿ ನಿಂತಿದ್ದಳು, ನಾನು ಕುಳಿತೆ. ಅಕ್ಕನ ಮಗಳ ಮುಖ ಸ್ವಲ್ಪ ಬದಲಾಯಿತು. ನಾನು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ನಲವತ್ತೊಂದು ಹೆಜ್ಜೆಯ ಆಚೆ ಕೇಳಿಸಬೇಕಾದರೆ ಕೂಗಲೇಬೇಕು. ಆದರೆ ಆ ಕೂಗಿನಲ್ಲಿ ನಗೆಯೂ ಇರಬಾರದು, ಭಯವೂ ಇರಬಾರದು. ಕಚೇರಿಯಲ್ಲಿ ನಕಾಶೆಯ ಅಳತೆ ಒಬ್ಬ ಓದಿ ಇನ್ನೊಬ್ಬ ಬರೆಯುವಾಗ ಓದುವವನು ಹೇಗೆ ಓದುತ್ತಾನೋ ಹಾಗೆ ಕೂಗಿದೆ.

"ಆ ಹುಡುಗ ನೀರಾಗ ಇಳದ."

ಹಳ್ಳದ ಸದ್ದು ಮಾತ್ರ. ಅದನ್ನೇ ಮತ್ತೆ ಕೂಗಿದೆ. ಆಗ ಚಿಕ್ಕ ಹುಡುಗ, ರೂಢಿಯಂತೆ, "ಹ್ಞೂಂ" ಎಂದು ಕೂಗಿದ.

"ಹಲಗಿ ಕಿತ್ತ."

"ಹ್ಞೂಂ."

"ಕೊಡಿ ಹೊರಗ ಬಂತು."

"ಹ್ಞೂಂ."

"ಅವ ಬರಲಿಲ್ಲ."

ಹ್ಞೂಂ ಬರಲಿಲ್ಲ. ಚಿಕ್ಕ ಹುಡುಗ ತನ್ನ ಅಕ್ಕನ ಮುಖ ನೋಡಿದ. ಅವಳು ಇನ್ನೊಬ್ಬಳ ಮುಖ ನೋಡಿದಳು. ಹ್ಞೂಂ ಇಲ್ಲದೆ ಮುಂದೆ ಹೇಳುವಂತಿಲ್ಲ, ನಾನೂ ಸುಮ್ಮನಿದ್ದೆ. ಆ ಸುಮ್ಮನಿರುವಿಕೆಯಲ್ಲಿ ಅವಳು ಹಾರಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

"ಸೀನಿದ್ನಲ್ಲ?" ಎಂದಳು ಅಕ್ಕನ ಮಗಳು.

"ಸೀನಲಿಲ್ಲ. ನಾ ಸುಳ್ಳ ಹೇಳೀನಿ. ಸೀನಿದ್ದು ನಾ."

"ಅತ್ತಿ ಊರಿಗೆ ಹೋಗ್ಯಾನಂದಿ."

"ಸತ್ತಾನವ್ವ ಅವ. ಆ ಹುಡುಗಿ ನಗಾಕತ್ತಿದ್ದಿಲ್ಲ. ಅಳಾಕತ್ತಿದ್ಲು."

ಗೆಳತಿ ಆಗಲೇ ಅಳುತ್ತಿದ್ದಳು. ಅಕ್ಕನ ಮಗಳು ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು. ಇಷ್ಟು ದೂರದಿಂದಲೂ ಅದು ಕಾಣುತ್ತಿತ್ತು.

"ಮತ್ತ ಯಾಕ ನಗಿಸಿದಿ ನಮ್ಮನ?"

ಅವಳು ತುದಿಯಿಂದ ಎರಡು ಹೆಜ್ಜೆ ಹಿಂದೆ ಬಂದು ಸೊಂಟದ ಗಂಟು ಬಿಚ್ಚಿದಳು. ಡಬ್ಬಿಯನ್ನು ನನ್ನ ಕಡೆಗೆ ಎಸೆದಳು, ನನಗೆ ಹೊಡೆಯಲೆಂದೇ ಎಸೆದಳು. ಅದು ಒಳಬಾಯಿಯ ನೀರಿಗೆ ಬಿತ್ತು. ಒಂದು ಸುತ್ತು ಹಾಕಿತು. ಎರಡನೇ ಸುತ್ತಿಗೆ ವಾಲಿತು. ಮೂರನೇ ಸುತ್ತಿಗೆ ಯಾರೋ ಕೆಳಗಿನಿಂದ ಎಳೆದಂತೆ ಒಳಗೆ ಹೋಯಿತು.

ನಾನು ನನ್ನ ಕಾಲ ಕೆಳಗಿನ ನೀರನ್ನು ನೋಡಿದೆ. ಮಕ್ಕಳೂ ಅದನ್ನೇ ನೋಡುತ್ತಿದ್ದರು. ಚಪ್ಪಲಿ ಎಷ್ಟು ಹೊತ್ತಿಗೆ ಬಂದಿತ್ತೆಂದು ಅವರಿಗೆ ಗೊತ್ತಿತ್ತು, ಅವರು ಬೆರಳು ಮಡಚಿ ಎಣಿಸುತ್ತಿದ್ದರು. ನಾನೂ ಎಣಿಸಿದೆ. ನೂರಕ್ಕೆ ಹೋಯಿತು. ಇನ್ನೂರಕ್ಕೆ ಹೋಯಿತು. ನೀರು ಕುದಿಯುತ್ತಲೇ ಇತ್ತು. ಡಬ್ಬಿ ಬರಲಿಲ್ಲ.

ಗೇಟಿನವನು ಅವರ ಹಿಂದಿನಿಂದ ಸದ್ದಿಲ್ಲದೆ ಬಂದು ಚಿಕ್ಕವನನ್ನು ಎತ್ತಿಕೊಂಡು, ಇಬ್ಬರು ಹುಡುಗಿಯರನ್ನು ಒಂದೇ ಕೈಯಲ್ಲಿ ಹಿಡಿದಾಗ ನಾನು ಮುನ್ನೂರ ಹನ್ನೆರಡು ಎಣಿಸಿದ್ದೆ. ಎಮ್ಮೆಯ ಮುದುಕಿ ಬದುವಿನಿಂದ ಇಳಿದು ಬಂದು ಏನು ಎಂದು ಅವನನ್ನು ಕೇಳುತ್ತಿದ್ದಳು. ಅವನು ಅವಳ ಕಿವಿಗೆ ಬಾಯಿಟ್ಟು ಹೇಳಿದ. ಅವಳು ಅಕ್ಕನ ಮಗಳ ಬೆನ್ನಿಗೆ ಒಂದು ಗುದ್ದಿ, ತನ್ನ ಸೆರಗಿನಿಂದ ಅವಳ ಕಾಲು ಒರೆಸಿದಳು. ಕಾಲು ಒದ್ದೆಯಾಗಿತ್ತು.

ಅಕ್ಕನಿಗೆ ನಾನೇ ಹೇಳಿದೆ, ಏನನ್ನೂ ಬಿಡದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಮುಗಿಸುವ ತನಕ ಬಡಿಯುತ್ತಲೇ ಇದ್ದಳು. ಕೊನೆಯ ರೊಟ್ಟಿ ಕಾಗದದಷ್ಟು ತೆಳ್ಳಗಾಗಿ ಹರಿಯಿತು. ನಗಿಸಿ ಹೇಳು ಎಂದವಳು ತಾನು ಎಂದು ಅವಳು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಅದೇ ಸಂಜೆ ನೆರೆಮನೆಯವರೂ ಗೇಟಿನವನೂ ಸೇರಿ ಜಾಳಿಗೆಯನ್ನು ಮತ್ತೆ ಇಟ್ಟು ತಂತಿಯಿಂದ ಬಿಗಿದರು. ಹಿಂಗಾರಿಯಲ್ಲಿ ಕೊನೆಯ ಹೊಲದವರು ನೀರು ಏರುತ್ತಿಲ್ಲವೆಂದು ಅದನ್ನು ಬಿಚ್ಚಲು ಬಂದಾಗ ಅಕ್ಕ ಹೋಗಿ ಅದರ ಮೇಲೆ ಕುಳಿತಳೆಂದು ಕೇಳಿದೆ. ನಾನು ಆಗ ಶಹಾಪುರದ ಕಚೇರಿಯಲ್ಲಿದ್ದೆ, ಕಂಡಿಲ್ಲ.

ಸೋಮವಾರ ಐದೂವರೆಗೆ ಮಕ್ಕಳು ಬಂದು ಕುಳಿತರು. ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಕೊಡೆಯ ಹುಡುಗ ಸತ್ತದ್ದನ್ನು ಮೊದಲಿಂದ ಹೇಳು ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅತ್ತರು, ಮೂಗು ಒರೆಸಿಕೊಂಡರು, ದಪ್ಪ ಪ್ರಾಣಿ ಬಂದಾಗ ನಕ್ಕರು. ಆ ವಾರ ಯಾರ ಹಾಸಿಗೆಯೂ ತೊಯ್ದ ಸುದ್ದಿ ಬರಲಿಲ್ಲ. ಒಳಗೆ ಮಲಗಿ ನಿದ್ದೆ ಬಾರದೆ ಎದ್ದು ಕೂರುತ್ತಿದ್ದವನು ನಾನು. ಈಗಲೂ ಕಾಲುವೆಗೆ ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಕಂಡರೆ ಆ ಹಾಳೆ ಮಡಚಿಡುತ್ತೇನೆ.

ಬರೆದದ್ದನ್ನು ಕಳೆದ ತಿಂಗಳು ಅಕ್ಕನ ಮಗಳಿಗೆ ಓದಿ ಹೇಳಿದೆ. ಅವಳು ಒಂದು ತಿದ್ದುಪಡಿ ಹೇಳಿದಳು. ಗೋಡೆಯಿಂದ ನೀರು ಒಂದು ಮೊಳ ಕೆಳಗಿತ್ತು ಎಂದು ನಾನು ಬರೆದಿದ್ದೇನೆ. ಗೋಡೆಗೆ ಕೆಳಗೊಂದು ಮೆಟ್ಟಿಲಿತ್ತಂತೆ, ನನ್ನ ಕಡೆಯಿಂದ ಕಾಣದ್ದು. ನಾನು ಎರಡನೇ ಸಲ ಕಿರುಚಿದ ಮೇಲೆ ಅವಳು ಆ ಮೆಟ್ಟಿಲಿಗೆ ಒಂದು ಕಾಲು ಇಳಿಸಿದ್ದಳಂತೆ. ನೀರು ಪಾದವನ್ನು ಮೆಲ್ಲಗೆ ಎಳೆಯುತ್ತಿತ್ತು, ಹಿತವಾಗಿತ್ತು ಎಂದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆ ಸೇರಿಸಿದ್ದೇನೆ.

ಎಮ್ಮೆ ಮೇಯಿಸುತ್ತಿದ್ದ ಮುದುಕಿ ನಾಲ್ಕು ವರ್ಷದ ಮೇಲೆ ತೀರಿಕೊಂಡಳು. ಗೇಟಿನವನು ನಿವೃತ್ತನಾಗಿ ರಾಮಸಮುದ್ರದಲ್ಲಿ ಮಗನ ಮನೆಯಲ್ಲಿದ್ದ, ಕಳೆದ ಬೇಸಿಗೆಯಲ್ಲಿ ತೀರಿಹೋದ. ಉಳಿದವರು ಇದ್ದಾರೆ. ಹ್ಞೂಂ ಅಂದ ಹುಡುಗ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಡಬ್ಬಿ ಒಳಹೋದದ್ದು ಮಾತ್ರ ನೆನಪಿದೆ. ಅವನ ಅಕ್ಕ ಯಾದಗಿರಿಯಲ್ಲಿ ಶಾಲೆಯ ಶಿಕ್ಷಕಿ, ಎಲ್ಲವೂ ನೆನಪಿದೆ, ಮಾತಾಡಲು ಇಷ್ಟವಿಲ್ಲ. ಅಕ್ಕನ ಮಗಳು ಸುರಪುರದಲ್ಲಿದ್ದಾಳೆ. ಅವಳಿಗೆ ಇಬ್ಬರು ಮಕ್ಕಳು.